ಒಬ್ಬಳೇ ಉಣ್ಣುವವಳ ಕಾಲೇಜು

ನನಗೆ ಜನ ಬೇಡ ಅಂತೇನಿಲ್ಲ. ಊಟದ ಹೊತ್ತಿನಲ್ಲಿ ಬೇಡ, ಅಷ್ಟೇ. ಬೆಳಗ್ಗೆ ಬಸ್ಸಿನಲ್ಲಿ ಜನ, ತರಗತಿಯಲ್ಲಿ ಜನ, ಸಂಜೆ ಮತ್ತೆ ಬಸ್ಸಿನಲ್ಲಿ ಅದೇ ಜನ. ನಡುವೆ ನಾಲ್ಕು ತುತ್ತು ಬಾಯಿಗೆ ಹಾಕಿಕೊಳ್ಳುವಾಗಲಾದರೂ ಯಾರೂ ಮಾತಾಡಿಸದೆ ಇದ್ದರೆ ಸಾಕು ಅನ್ನುವುದು ಚಿಕ್ಕಂದಿನಿಂದ ನನ್ನ ಆಸೆ. ಆಸೆ ಅನ್ನುವುದಕ್ಕಿಂತ ಸ್ವಭಾವ ಅನ್ನಬೇಕು. ಕೆಲವರಿಗೆ ಎಡಗೈ ರೂಢಿ, ಕೆಲವರಿಗೆ ಬೇಗ ಏಳುವುದು ರೂಢಿ, ನನಗೆ ಒಬ್ಬಳೇ ಕೂತು ಉಣ್ಣುವುದು ರೂಢಿ. ಈ ಒಂದು ರೂಢಿಯನ್ನು ಮಧುಗಿರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಉಳಿಸಿಕೊಳ್ಳಲು ನಾನು ಪಟ್ಟ ಪಾಡನ್ನು ಅಲ್ಲಿ ಓದಿದ ಅರ್ಥಶಾಸ್ತ್ರಕ್ಕೂ ಪಟ್ಟಿಲ್ಲ.

ನಮ್ಮ ಊರು ಕೊಡಿಗೇನಹಳ್ಳಿಯಿಂದ ಒಳಕ್ಕೆ. ಅಪ್ಪ ಹೈಸ್ಕೂಲು ಮೇಷ್ಟ್ರು. ಪಿಯುಸಿ ಮುಗಿದ ಬೇಸಿಗೆಯಲ್ಲಿ ಅವರು, ಮಗಳು ಸೇರುವ ಕಾಲೇಜನ್ನು ಕಣ್ಣಾರೆ ನೋಡದೆ ಸೇರಿಸುವುದಿಲ್ಲ ಎಂದು ಪಟ್ಟು ಹಿಡಿದು ನನ್ನನ್ನು ಸುತ್ತಮುತ್ತಲ ತಾಲ್ಲೂಕುಗಳಿಗೆಲ್ಲ ಕರೆದುಕೊಂಡು ಹೋದರು. ಎಲ್ಲಿ ಹೋದರೂ ಲೈಬ್ರರಿಯ ಬೀಗ ತೆಗೆಸುವುದು, ಕುಡಿಯುವ ನೀರಿನ ನಲ್ಲಿ ತಿರುಗಿಸಿ ನೋಡುವುದು, ಸಿಕ್ಕ ಅಟೆಂಡರನ್ನು ಹಿಡಿದು "ವಾತಾವರಣ ಹೆಂಗೈತೆ?" ಎಂದು ಕೇಳುವುದು. ವಾತಾವರಣ ಅನ್ನುವುದು ಅಪ್ಪನಿಗೆ ಬಹಳ ಇಷ್ಟವಾದ ಮಾತು. ಅದರ ಅರ್ಥ ಏನು ಎಂದು ಅವರೂ ಹೇಳುತ್ತಿರಲಿಲ್ಲ, ಅಟೆಂಡರೂ ಕೇಳುತ್ತಿರಲಿಲ್ಲ. ಚೆನ್ನಾಗೈತೆ ಸಾ ಅಂದುಬಿಡುತ್ತಿದ್ದ.

ನಾನು ಮಾತ್ರ ಎಲ್ಲ ಕಡೆ ಒಂದನ್ನೇ ನೋಡುತ್ತಿದ್ದೆ. ಮಧ್ಯಾಹ್ನ ಹುಡುಗಿಯರು ಹೇಗೆ ಊಟ ಮಾಡುತ್ತಾರೆ ಅನ್ನುವುದನ್ನು.

ಪಾವಗಡದಲ್ಲಿ ಗೇಟಿನ ಒಳಗೆ ಕಾಲಿಡುತ್ತಲೇ ಒಬ್ಬಳು ಬಂದು "ಮೀದಿ ಏ ಊರು?" ಎಂದಳು. ನನಗೆ ತೆಲುಗು ಅರೆಬರೆ. ಊರು ಹೇಳಿದೆ. ಆಮೇಲೆ ಅಪ್ಪ ಏನು ಮಾಡುತ್ತಾರೆ, ಅಣ್ಣ ತಮ್ಮ ಇದ್ದಾರಾ, ಬೆಳಗ್ಗೆ ಏನು ತಿಂದೆ, ಎಲ್ಲವನ್ನೂ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೇಳಿ, ಉತ್ತರ ಮುಗಿಯುವ ಮೊದಲೇ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ನನ್ನ ಬಾಯಿಗೆ ತುರುಕಿದಳು. ಚಿನ್ನದಂಥ ಹುಡುಗಿ. ಮೂರು ವರ್ಷ ಅವಳ ಜೊತೆ ಇದ್ದರೆ ನಾನು ಹುಚ್ಚಿಯಾಗುತ್ತಿದ್ದೆ.

ಶಿರಾದ ಕಾಲೇಜಿಗೆ ಸೇರಿದರೆ ತಾವರೆಕೆರೆಯ ಅತ್ತೆಯ ಮನೆಯಲ್ಲಿ ಇರಬಹುದು ಎಂದು ಅಪ್ಪನ ಲೆಕ್ಕ. ಅಲ್ಲಿ ವರಾಂಡದ ಉದ್ದಕ್ಕೂ ಹುಡುಗಿಯರು ದುಂಡಗೆ ಕೂತು ಉಣ್ಣುತ್ತಿದ್ದರು. ನಾನು ಹಾದುಹೋಗುವಾಗ ಒಬ್ಬಳು ಜರುಗಿ ಜಾಗ ಮಾಡಿ "ಆವೋ, ಬೈಠೋ" ಎಂದಳು. ಗುರುತಿಲ್ಲ, ಪರಿಚಯವಿಲ್ಲ, ಬಾ ಕೂತ್ಕೋ. ಮನೆಯಲ್ಲಿ ಅತ್ತೆ, ಕಾಲೇಜಿನಲ್ಲಿ ಇವರು. ಅತ್ತೆಯಂತೂ ನೀರು ಕುಡಿಯುವಾಗಲೂ ಪಕ್ಕದಲ್ಲಿ ನಿಂತು ಇನ್ನೊಂದು ಲೋಟ ಕುಡಿ ಅನ್ನುವ ಹೆಂಗಸು. ಬೇಡ ಅಂದೆ.

ಕೊರಟಗೆರೆಯಲ್ಲಿ ಒಬ್ಬ ಲೆಕ್ಚರರ್ ಸ್ವತಃ ನಮ್ಮನ್ನು ಕೂರಿಸಿಕೊಂಡು ತಮ್ಮ ಕಾಲೇಜಿನ ಹೆಚ್ಚುಗಾರಿಕೆ ಹೇಳಿದರು. ತಿಂಗಳಿಗೊಂದು ಭಾನುವಾರ ಎಲ್ಲರೂ ಸಿದ್ದರಬೆಟ್ಟ ಹತ್ತುತ್ತಾರಂತೆ, ದಾರಿಯ ಪ್ಲಾಸ್ಟಿಕ್ ಆರಿಸುತ್ತಾರಂತೆ, ಮೇಲೆ ಹೋಗಿ ಗುಂಪಾಗಿ ಹಾಡುತ್ತಾರಂತೆ. "ನಮ್ಮಲ್ಲಿ ಯಾರೂ ಒಂಟಿ ಅಲ್ಲ" ಎಂದು ಅವರು ನಗುತ್ತಾ ಹೇಳಿದಾಗ ನನಗೆ ಯಾರೋ ಬೆದರಿಕೆ ಹಾಕಿದ ಹಾಗಾಯಿತು. ಅಪ್ಪನಿಗೆ ಬಹಳ ಹಿಡಿಸಿತು.

ಕಡೆಗೆ ಮಧುಗಿರಿ. ಅಲ್ಲಿ ಮೆಟ್ಟಿಲ ಮೇಲೆ ಒಬ್ಬಳು ಹುಡುಗಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಎದುರಿನ ಬೆಟ್ಟ ನೋಡುತ್ತಾ ಒಬ್ಬಳೇ ಉಣ್ಣುತ್ತಿದ್ದಳು. ಜನ ಅವಳ ಪಕ್ಕದಲ್ಲೇ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಒಬ್ಬರಾದರೂ ನಿಂತು ಮಾತಾಡಿಸಬೇಕಲ್ಲ, ಇಲ್ಲ. ನಾನು ಅಲ್ಲೇ ತೀರ್ಮಾನ ಮಾಡಿದೆ. ಇದು ನನ್ನಂಥವರ ಕಾಲೇಜು. ಯಾಕಮ್ಮ ಇದೇ ಬೇಕು ಎಂದು ಅಪ್ಪ ಕೇಳಿದಾಗ ವಾತಾವರಣ ಚೆನ್ನಾಗಿದೆ ಅಂದೆ. ಅಪ್ಪ ಹಿಗ್ಗಿದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಸೇರಿ ಒಂದು ವಾರವಾಗಿರಲಿಲ್ಲ, ಅದೇ ಹುಡುಗಿ ಹತ್ತಾರು ಜನರ ನಡುವೆ ಕೂತು ಕೇಕೆ ಹಾಕುತ್ತಿದ್ದಳು. ನಮಗಿಂತ ಒಂದು ವರ್ಷ ಸೀನಿಯರ್. ನಾವು ಕಾಲೇಜು ನೋಡಲು ಬಂದ ದಿನ ಅವಳು, ಎಥ್ನಿಕ್ ಡೇಗೆ ಎಲ್ಲರೂ ಯಾವ ಬಣ್ಣದ ಸೀರೆ ಉಡಬೇಕು ಎಂಬ ವಿಷಯಕ್ಕೆ ತನ್ನ ಗುಂಪಿನೊಂದಿಗೆ ಠೂ ಬಿಟ್ಟಿದ್ದಳಂತೆ. ಅವಳ ಮುನಿಸನ್ನು ನಾನು ಒಂದು ಕಾಲೇಜಿನ ಸಂಸ್ಕೃತಿ ಅಂದುಕೊಂಡು ಬಂದು ಸೇರಿಬಿಟ್ಟಿದ್ದೆ. ಫೀಸು ಕಟ್ಟಿಯಾಗಿತ್ತು.

ಈಗ ಆ ಕಾಲೇಜಿನ ಊಟದ ಪದ್ಧತಿ ಹೇಳಬೇಕು. ಮಧ್ಯಾಹ್ನದ ಬೆಲ್ ಹೊಡೆದ ಕೂಡಲೇ ಹುಡುಗಿಯರು ಬೆಂಚುಗಳನ್ನು ಎಳೆದು ಜೋಡಿಸುತ್ತಾರೆ. ಪ್ರತಿಯೊಬ್ಬಳೂ ತನ್ನ ಡಬ್ಬಿಯ ಮುಚ್ಚಳವನ್ನು ಮಗುಚಿ ಪಕ್ಕದವಳಿಗೆ ಕೊಡಬೇಕು. ಪಕ್ಕದವಳು ಅದರಲ್ಲಿ ತನ್ನ ಡಬ್ಬಿಯದ್ದು ಒಂದು ಚಮಚ ಹಾಕಿ ಮುಂದಕ್ಕೆ ದಾಟಿಸಬೇಕು. ಹೀಗೆ ಎಲ್ಲರ ಮುಚ್ಚಳವೂ ಸುತ್ತು ಹೊಡೆದು ಎಲ್ಲರ ಮನೆಯ ರುಚಿ ಹೊತ್ತುಕೊಂಡು ವಾಪಸ್ಸು ಬರುತ್ತದೆ. ಮುಚ್ಚಳ ತಿರುಗಿಸೋದು ಅಂತಲೇ ಅದಕ್ಕೆ ಹೆಸರು. ಕೇಳಲು ಚಂದ. ನನ್ನ ಮುಚ್ಚಳ ತಿರುಗಿ ಬರುವ ಹೊತ್ತಿಗೆ ಅದರಲ್ಲಿ ಪುಳಿಯೋಗರೆಯ ಮೇಲೆ ಉಪ್ಸಾರು, ಉಪ್ಸಾರಿನ ಮೇಲೆ ನೂಡಲ್ಸು, ಅದರ ಪಕ್ಕ ಯಾರದೋ ನಿನ್ನೆಯ ಹೋಳಿಗೆ. ಅದನ್ನು ತಿನ್ನುವಾಗ ಒಬ್ಬಳು ಬಲಗಿವಿಗೆ ಧಾರಾವಾಹಿಯ ಕತೆ, ಇನ್ನೊಬ್ಬಳು ಎಡಗಿವಿಗೆ ಅಕ್ಕನ ಮದುವೆಯ ಕತೆ ಹೇಳುತ್ತಾಳೆ. ಮೂರನೆಯವಳು ಎದುರಿಗೆ ಮೊಬೈಲ್ ಹಿಡಿದು "ರೀಲ್ಸಿಗೆ ಸ್ವಲ್ಪ ನಗೇ" ಅನ್ನುತ್ತಾಳೆ. ಬಾಯಲ್ಲಿ ನೂಡಲ್ಸು ಇಟ್ಟುಕೊಂಡು ನಗಬೇಕು.

ಈ ಪದ್ಧತಿಯ ಸುದ್ದಿ ಮೊದಲ ದಿನವೇ ಮನೆಯಲ್ಲಿ ಹೇಳಿದ್ದು ನನ್ನ ದೊಡ್ಡ ತಪ್ಪು. ಅಪ್ಪ ತಟ್ಟೆಯ ಮುಂದೆ ಕೈ ನಿಲ್ಲಿಸಿ ಕೇಳಿದರು, ನಮ್ಮನೇದೂ ತಿಂದ್ರಾ ಅಂತ. ತಿಂದ್ರು ಅಂದೆ. ಎಲ್ಲರೂ? ಎಲ್ಲರೂ. ಮಾರನೆಯ ದಿನದಿಂದ ಅಮ್ಮ ದೊಡ್ಡ ಡಬ್ಬಿ ಹಿಡಿದಳು. ಅಲಸಂದೆ ಕಾಳಿನ ಪಲ್ಯ, ಎಳ್ಳು ಪುಡಿ ಹಾಕಿದ ಚಿತ್ರಾನ್ನ, ಹಬ್ಬದ ದಿನ ಒಬ್ಬಟ್ಟು. ದಿನಾ ಸಂಜೆ ನಾನು ಬ್ಯಾಗು ಇಳಿಸುವ ಮೊದಲೇ ಅಪ್ಪನ ಪ್ರಶ್ನೆ. ಪಾಠ ಹೆಂಗಾಯ್ತು ಅಂತಲ್ಲ, ಎಲ್ಲರೂ ತಿಂದ್ರಾ ಅಂತ.

ಯಾಕೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಬಂದದ್ದು ಅಪ್ಪ ಕೆಲಸಕ್ಕೆ ಸೇರಿದ ಮೇಲೆ. ಅದಕ್ಕೆ ಮುಂಚೆ ನಾವು ಊರಾಚೆಯ ಕೇರಿಯವರು. ಊರಿನ ಮದುವೆಗಳಲ್ಲಿ ಕಡೆಯ ಪಂಕ್ತಿಯೂ ಮುಗಿದ ಮೇಲೆ ಚಪ್ಪರದ ಹೊರಗೆ ಎಲೆ ಹಾಕಿಸಿಕೊಂಡವರು. ಅಪ್ಪ ಇದನ್ನೆಲ್ಲ ಕೂರಿಸಿಕೊಂಡು ಹೇಳಿದವರಲ್ಲ. ಅಮ್ಮ ಹೇಳಿದ್ದು. ಅಪ್ಪನ ವಿಷಯದಲ್ಲಿ ನಾನು ಕಂಡದ್ದು ಇಷ್ಟೇ. ಅವರು ಒಬ್ಬರೇ ಉಣ್ಣುವುದಿಲ್ಲ. ಅಮ್ಮ ತವರಿಗೆ ಹೋದ ದಿನ ಮಾಡಿಟ್ಟ ಸಾರು ಬಿಟ್ಟು ಕೊಡಿಗೇನಹಳ್ಳಿಯ ಹೋಟೆಲಿಗೆ ಹೋಗಿ, ಖಾಲಿ ಟೇಬಲ್ ಬಿಟ್ಟು, ಜನ ಇರುವ ಟೇಬಲ್ಲಿನಲ್ಲೇ ಜರುಗಿಸಿ ಕೂರುತ್ತಾರೆ. ಅಂಥವರ ಹೊಟ್ಟೆಯಲ್ಲಿ ನಾನು ಹುಟ್ಟಿದೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ.

ಮೊದಲ ಸೆಮಿಸ್ಟರ್ ಹಲ್ಲು ಕಚ್ಚಿ ಮುಚ್ಚಳ ತಿರುಗಿಸಿದೆ. ಎರಡನೆಯದರಲ್ಲಿ ಒಂದು ದಿನ ಅದೇನಾಯಿತೋ, ಯಾರೋ ನನ್ನ ಹೆಗಲ ಮೇಲಿಂದ ಬಗ್ಗಿ ನನ್ನ ಡಬ್ಬಿಗೆ ಕೈ ಹಾಕಿ, ಅದೇ ಹೊತ್ತಿಗೆ ಕಿವಿಯ ಹತ್ತಿರ ಕಿಟಾರನೆ ಕಿರುಚಿ ನಕ್ಕಾಗ, ನನ್ನ ತಲೆಯೊಳಗೆ ಏನೋ ಪಟ್ ಅಂದಿತು. ಡಬ್ಬಿ ಮುಚ್ಚಿಕೊಂಡು ಎದ್ದು ಕಟ್ಟಡದ ಹಿಂದಕ್ಕೆ ಹೋದೆ. ಅಲ್ಲಿ ಸೈಕಲ್ ಸ್ಟ್ಯಾಂಡಿನ ಆಚೆ ಒಂದು ಹೊಂಗೆ ಮರ. ಕೆಳಗೆ ನೆರಳು, ಎದುರಿಗೆ ಬೆಟ್ಟ, ಸುತ್ತ ಒಂದು ನರಪಿಳ್ಳೆ ಇಲ್ಲ. ಅಮ್ಮನ ಪಲ್ಯಕ್ಕೆ ಅಮ್ಮನ ಪಲ್ಯದ್ದೇ ರುಚಿ ಇತ್ತು. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬಿತು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು ಅಂದರೆ ಯಾರೂ ನಂಬುವುದಿಲ್ಲ. ಬಂದದ್ದು ಮಾತ್ರ ನಿಜ.

ಕೆಲವು ವಾರ ಹಾಗೇ ನಡೆಯಿತು. ಸಂಜೆ ಅಪ್ಪ ಕೇಳಿದರೆ ಎಲ್ಲರೂ ತಿಂದ್ರು ಅಂದುಬಿಡುತ್ತಿದ್ದೆ. ಹಿಂದಿನಿಂದ ಮಾತು ಕೇಳಿಬರುತ್ತಿತ್ತು. ಮೇಷ್ಟ್ರ ಮಗಳಿಗೆ ಕೊಬ್ಬು ಅಂತ ಕೆಲವರು. ದಿನಾ ಮೊಟ್ಟೆ ತರುತ್ತಾಳೆ, ಹಂಚಬೇಕಾಗುತ್ತೆ ಅಂತ ಓಡಿಹೋಗ್ತಾಳೆ ಅಂತ ಇನ್ನು ಕೆಲವರು. ಮರದ ಕೆಳಗೆ ಯಾರೋ ಹುಡುಗನ ಹತ್ತಿರ ಫೋನಿನಲ್ಲಿ ಮಾತಾಡುತ್ತಾಳೆ ಎಂದು ಪತ್ತೆ ಮಾಡಲು ಒಬ್ಬಳು ಸೈಕಲ್ ಸ್ಟ್ಯಾಂಡಿನ ಹಿಂದೆ ನಿಂತು ನೋಡಿಯೂ ಹೋದಳು. ನನಗೆ ಒಂದು ಚೂರೂ ಬೇಜಾರಾಗಲಿಲ್ಲ. ಕೊಬ್ಬಿನವಳು ಅಂದುಕೊಂಡರೆ ಹತ್ತಿರ ಬರುವುದಿಲ್ಲ. ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇನ್ನೇನಿದೆ.

ಕೆಟ್ಟದ್ದು ವೈಶಾಖದ ಹುಣ್ಣಿಮೆಗೆ. ಅಮ್ಮ ಬುದ್ಧನ ಫೋಟೋದ ಮುಂದೆ ಸಾಲಾಗಿ ದೀಪ ಹಚ್ಚಿದ್ದಳು. ಬಹಳ ಚೆನ್ನಾಗಿ ಕಾಣಿಸುತ್ತಿತ್ತು. ನಾನು ಒಂದು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ನಾವು ಯಾವ ಕೇರಿಯವರು ಎಂದು ಆ ಫೋಟೋ ಹೇಳಿಬಿಡುತ್ತದೆ ಅನ್ನುವುದು ಹೊಳೆಯಲೇ ಇಲ್ಲ.

ಮಾರನೆಯ ದಿನ ಮಧ್ಯಾಹ್ನ ಮರದ ಕೆಳಗೆ ಡಬ್ಬಿ ಬಿಚ್ಚುವಷ್ಟರಲ್ಲಿ ಹುಡುಗಿಯರ ಒಂದು ನಿಯೋಗವೇ ಬಂತು. ಮುಂದೆ ನಮ್ಮ ಕ್ಲಾಸ್ ಲೀಡರ್. ಮುಚ್ಚಳ ತಿರುಗಿಸುವುದರ ಯಜಮಾನಿಕೆಯೂ ಅವಳದೇ. ದೊಡ್ಡ ಗಂಟಲು, ಅಷ್ಟೇ ದೊಡ್ಡ ಮನಸ್ಸು. ಮಂಡಿಯೂರಿ ನನ್ನ ಎದುರು ಕೂತಳು. ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಬಂದವರ ಮುಖ.

"ಯಾರಾರ ಏನಾರ ಅಂದ್ರೇನೆ ನಿಂಗೆ?"

"ಇಲ್ಲ ಕಣೆ. ನಂಗೆ ಒಬ್ಳೇ ತಿನ್ನೋದು ಇಷ್ಟ."

"ಅಂಗೆಲ್ಲ ಹೇಳಬ್ಯಾಡ. ನಾವು ಅದನ್ನೆಲ್ಲ ನೋಡೋರಲ್ಲ ಕಣೆ" ಎಂದವಳೇ ಅಳಲು ಶುರು ಮಾಡಿದಳು. ಅವಳು ಅತ್ತದ್ದು ನೋಡಿ ಇನ್ನಿಬ್ಬರು ಅತ್ತರು. ಕಡೆಗೆ ನಾನೇ ಎಲ್ಲರಿಗೂ ಸಮಾಧಾನ ಮಾಡಿ, ನೀರು ಕೊಟ್ಟು, ಕ್ಲಾಸಿಗೆ ಕಳಿಸಬೇಕಾಯಿತು. ನನ್ನ ಊಟ ಅಲ್ಲಿಗೆ ಹಾಳು.

ನೋಡಿ, ಮರ ಅದೇ, ಡಬ್ಬಿ ಅದೇ, ನಾನೂ ಅದೇ. ನಿನ್ನೆಯವರೆಗೆ ನಾನು ಕೊಬ್ಬಿನವಳು, ಇವತ್ತಿನಿಂದ ಅನ್ಯಾಯಕ್ಕೊಳಗಾದವಳು. ಅದೇ ವಾರ ಆ ಸೀನಿಯರ್ ಹುಡುಗಿ ಮತ್ತೆ ಯಾವುದೋ ವಿಷಯಕ್ಕೆ ಠೂ ಬಿಟ್ಟು ಮೆಟ್ಟಿಲ ಮೇಲೆ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಅವಳ ಎದುರು ಯಾರಾದರೂ ಮಂಡಿಯೂರಿದರಾ? ಅವಳು ಒಬ್ಬಳೇ ಕೂತರೆ ಅದು ಅವಳ ಮೂಡು. ನಾನು ಕೂತರೆ ಅದು ಊರಿನ ಸಮಸ್ಯೆ. ಸಿಡುಕು, ಸಂಕೋಚ, ಸೋಂಬೇರಿತನ ಎಲ್ಲ ಬೇರೆಯವರಿಗೆ. ನನಗೆ ಒಂದು ಸ್ವಭಾವ ಇರಬಹುದು ಎಂದು ಒಬ್ಬರಿಗಾದರೂ ಹೊಳೆಯಬೇಡವೇ.

ನ್ಯಾಯವಾಗಿ ಹೇಳಬೇಕೆಂದರೆ, ಅದನ್ನೆಲ್ಲ ನೋಡುವವಳೂ ಇದ್ದಳು ಒಬ್ಬಳು, ಸ್ಟೇಟಸ್ಸಿಗೆ ಮುಂಚಿನಿಂದಲೇ. ನನ್ನ ಡಬ್ಬಿಯಿಂದ ಚಮಚ ಏಳುವ ಹೊತ್ತಿಗೆ ಅವಳ ಮುಚ್ಚಳ ಯಾವಾಗಲೂ ತುಂಬಿಹೋಗಿರುತ್ತಿತ್ತು, ಇಲ್ಲವೇ ಅವಳಿಗೆ ಆವತ್ತು ಒಪ್ಪತ್ತು ಇರುತ್ತಿತ್ತು. ನನಗೆ ಅದು ಗೊತ್ತಾಗಿತ್ತು. ಗೊತ್ತಾಗದೆ ಇರುವಷ್ಟು ದಡ್ಡರಾಗಿ ನಮ್ಮ ಮನೆಗಳಲ್ಲಿ ಯಾರೂ ಹುಟ್ಟುವುದಿಲ್ಲ. ಆದರೆ ನಾನು ಎದ್ದು ಹೋದದ್ದು ಅವಳ ದೆಸೆಯಿಂದ ಅಲ್ಲ. ಅವಳು ಆ ಬೆಂಚಿನಲ್ಲಿ ಇಲ್ಲದಿದ್ದರೂ ಹೋಗುತ್ತಿದ್ದೆ. ಈ ಎರಡು ಮಾತು ಒಟ್ಟಿಗೆ ನಿಜ ಎಂದು ಯಾರಿಗೆ ಹೇಳಿ ನಂಬಿಸಲಿ?

ಸುದ್ದಿ ಸಮಾಜಶಾಸ್ತ್ರದ ಮೇಡಂ ಕಿವಿಗೆ ಬಿತ್ತು. ಒಳ್ಳೆಯವರು. ನನ್ನನ್ನು ಸ್ಟಾಫ್ ರೂಮಿಗೆ ಕರೆದು, ಬಾಗಿಲು ಹಾಕಿ, ಹೆದರಬೇಡ ಹೇಳು ಎಂದರು. ಹೇಳುವುದೇನೂ ಇಲ್ಲ ಅಂದೆ. ಹೀಗೆ ಅನ್ನುವವರೇ ಜಾಸ್ತಿ ನೊಂದಿರುತ್ತಾರೆ ಎಂದು ಅವರೇ ನಿಟ್ಟುಸಿರುಬಿಟ್ಟರು. ಇಲ್ಲ ಅಂದರೆ ನೋವು, ಹೌದು ಅಂದರೂ ನೋವು. ಇಂಥ ಪ್ರಶ್ನೆಪತ್ರಿಕೆಗೆ ಪಾಸಾಗುವುದು ಹೇಗೆ? ಕಡೆಗೆ ಅವರು ಕಾಲೇಜಿನಲ್ಲಿ ಒಂದು ಸಹಭೋಜನ ಏರ್ಪಡಿಸುವುದಾಗಿ ಹೇಳಿ, ನನ್ನ ತಲೆ ಸವರಿ ಕಳಿಸಿದರು. ನಾನು ಬಸ್ ಹತ್ತುವ ಹೊತ್ತಿಗೆ ಅಪ್ಪನಿಗೆ ಫೋನೂ ಮಾಡಿಬಿಟ್ಟಿದ್ದರು.

ಮನೆಗೆ ಹೋದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದರು. ಎಲ್ಲರೂ ತಿಂದ್ರಾ ಎಂದು ಕೇಳಲಿಲ್ಲ. ಯಾರು ಅಂದರು, ಅಷ್ಟೇ. ಯಾರೂ ಇಲ್ಲ, ನಾನೇ ಹೋಗಿ ಕೂತೆ ಅಂದೆ. ಯಾವಾಗಿನಿಂದ? ಎರಡು ತಿಂಗಳಾಯಿತು. ಹಾಗಾದರೆ ಆ ಡಬ್ಬಿ? ಅರ್ಧ ನಾನು ತಿಂದೆ, ಅರ್ಧ ಕಾಗೆಗೆ ಹಾಕಿದೆ. ಅಪ್ಪ ಜಗಲಿಯ ಮೇಲೇ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ಊಟಕ್ಕೂ ಏಳಲಿಲ್ಲ. ಅಮ್ಮ ಒಳಗಿನಿಂದ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ನಾನು ಏನೋ ಒಡೆದುಹಾಕಿದ್ದೇನೆ, ಏನು ಅಂತ ಮಾತ್ರ ನನಗೇ ತಿಳಿಯುತ್ತಿಲ್ಲ, ಹಾಗಿತ್ತು.

ಎರಡು ದಿನ ಬಿಟ್ಟು ನಾನು ವಿಷಯ ತೆಗೆದೆ. ಈ ಕಾಲೇಜು ನನಗೆ ಒಗ್ಗುವುದಿಲ್ಲ, ಟಿಸಿ ತೆಗೆದುಕೊಂಡು ಬೇರೆ ಕಡೆ ಸೇರುತ್ತೇನೆ, ಬೇಕಾದರೆ ಮನೆಯಲ್ಲೇ ಕೂತು ಪರೀಕ್ಷೆ ಕಟ್ಟುತ್ತೇನೆ ಅಂದೆ. ಅಪ್ಪ ಇನ್ನೂ ಗಟ್ಟಿಯಾದರು. ಹೆದರಿ ಓಡಿಬರುವುದಕ್ಕಾ ಓದಿಸಿದ್ದು ಅಂದರು. ಹೆದರಿಕೆ ಅಲ್ಲಪ್ಪ, ನಂಗೆ ಗಲಾಟೆ ಆಗೋದಿಲ್ಲ ಅಂದೆ. ಗಲಾಟೆ ಯಾರಿಗೆ ತಾನೆ ಆಗೋದಿಲ್ಲ, ಅದು ಕಾರಣವೇ ಅಲ್ಲ ಅಂದರು. ಆ ಸಹಭೋಜನಕ್ಕೆ ಮೇಡಂ ತಮ್ಮನ್ನೂ ಕರೆದಿದ್ದಾರೆ, ತಾವು ಬಂದೇ ಬರುವುದಾಗಿ ಹೇಳಿದರು. ನಾನು ತಟ್ಟೆ ಸರಿಸಿ ಎದ್ದೆ. ಬರಲಿ, ಊಟ ಮುಗಿಯಲಿ, ಅಲ್ಲೇ ಆಫೀಸಿಗೆ ಕರೆದುಕೊಂಡು ಹೋಗಿ ಟಿಸಿಗೆ ಸಹಿ ಹಾಕಿಸುತ್ತೇನೆ ಎಂದು ನಿಶ್ಚಯ ಮಾಡಿಕೊಂಡೆ.

ಆ ದಿನ ಅಪ್ಪ ಮದುವೆಗೆ ಹೋಗುವವರ ಹಾಗೆ ಬಿಳಿ ಷರಟು ಇಸ್ತ್ರಿ ಮಾಡಿ ಹಾಕಿಕೊಂಡು ಬಂದರು. ಕಾಲೇಜಿನ ಅಂಗಳದಲ್ಲಿ ಶಾಮಿಯಾನ, ಅದರ ಮುಂದೆ ಎಲ್ಲರೂ ಒಂದೇ ಎಂದು ಬರೆದ ಫ್ಲೆಕ್ಸು. ಉದ್ದಕ್ಕೆ ಎಲೆ ಹಾಕಿದ್ದರು. ನಾನು ಮೂಲೆಯ ಎಲೆಗೆ ಹೋಗಿ ಕೂರುವಷ್ಟರಲ್ಲಿ ಕ್ಲಾಸ್ ಲೀಡರ್ ಬಂದು ನನ್ನ ರಟ್ಟೆ ಹಿಡಿದು ನಟ್ಟನಡುವಿನ ಎಲೆಗೆ ತಂದು ಕೂರಿಸಿದಳು. ಪಕ್ಕದಲ್ಲಿ ಅಪ್ಪ, ಅವರ ಪಕ್ಕ ಪ್ರಿನ್ಸಿಪಾಲರು, ಈ ಕಡೆ ಮೇಡಂ. ಎಲ್ಲರೂ ಒಂದೇ ಅಂದಮೇಲೆ ನಡುವಿನ ಎಲೆ ಯಾಕೆ ನಮಗೇ ಮೀಸಲು ಎಂದು ಕೇಳಬೇಕೆನಿಸಿತು. ಸಾಲಿನಲ್ಲಿ ಕೂತ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಎಷ್ಟು ಪ್ರೀತಿಯಿಂದ ಎಂದರೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆಮೇಲೆ ಲಾಡು. ಪ್ರಿನ್ಸಿಪಾಲರು ತಮ್ಮ ಕೈಯಾರೆ ಅಪ್ಪನ ಬಾಯಿಗೆ ಲಾಡು ಇಟ್ಟರು, ಫೋಟೋ ತೆಗೆದರು. ಪ್ರಿನ್ಸಿಪಾಲರ ಕಣ್ಣು ಮುಚ್ಚಿತ್ತಂತೆ. ಇನ್ನೊಂದು ಸಲ ಇಟ್ಟರು. ಫ್ಲೆಕ್ಸು ಬಂದಿರಲಿಲ್ಲವಂತೆ. ಮತ್ತೊಂದು ಸಲ. ಆಮೇಲೆ ಮೇಡಂ ಸರದಿ, ಆಮೇಲೆ ಕ್ಲಾಸ್ ಲೀಡರ್ ಸರದಿ. ಅಪ್ಪನಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಟೀಗೆ ಅರ್ಧ ಚಮಚ ಹಾಕಿದರೂ ಅಮ್ಮನ ಮೇಲೆ ಹಾರಾಡುವ ಮನುಷ್ಯ ಒಂದಾದ ಮೇಲೊಂದು ಲಾಡು ಬಾಯಿ ತೆರೆದು ತಿಂದರು. ಬೇಡ ಅಂತ ಒಂದು ಸಲವೂ ಅನ್ನಲಿಲ್ಲ. ನಾನು ಅವರ ಮೊಣಕೈ ತಿವಿದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೈಕು ಕೊಟ್ಟರು. ಇಪ್ಪತ್ತು ವರ್ಷ ಪಾಠ ಮಾಡಿದ ಗಂಟಲು ಅದು, ಆದರೆ ಆವತ್ತು ಅದರಿಂದ ಸರಿಯಾಗಿ ಎರಡು ಮಾತು ಬರಲಿಲ್ಲ. ನನ್ನ ಮಗಳನ್ನ ನಿಮ್ಮ ಜೊತೆ ಕೂರಿಸಿಕೊಂಡಿರಿ, ಅಷ್ಟು ಸಾಕು ಎಂದು ಕೈ ಮುಗಿದರು. ಚಪ್ಪಾಳೆ ಬಿತ್ತು. ಹುಡುಗಿಯರೆಲ್ಲ ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಇವರು ನನ್ನನ್ನು ಎಬ್ಬಿಸಿದ್ದರೆ ತಾನೆ ಕೂರಿಸಿಕೊಳ್ಳುವುದು? ಯಾಕೆ ಕೈ ಮುಗಿಯಬೇಕು? ಅಪ್ಪನ ಸಂತೋಷ ಮಾತ್ರ ಸುಳ್ಳಾಗಿರಲಿಲ್ಲ. ಅದು ನನಗೆ ಬಿಸಿ ತುಪ್ಪವಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಎಲ್ಲ ಮುಗಿದು ಎಲೆ ಎತ್ತುವಾಗ ಅಪ್ಪ ನನ್ನ ಹತ್ತಿರ ಬಂದು, ನೀನು ಕೂರುತ್ತಿದ್ದ ಜಾಗ ತೋರಿಸು ಅಂದರು. ಆಫೀಸು ಆ ಕಡೆಯೇ ಇತ್ತು. ತೋರಿಸಿ, ಹಾಗೇ ಟಿಸಿಯ ಮಾತು ತೆಗೆಯೋಣ ಎಂದು ಕರೆದುಕೊಂಡು ಹೋದೆ. ಅಪ್ಪ ಮರವನ್ನು ನೋಡಿದರು, ಗೋಡೆ ನೋಡಿದರು, ಇಲ್ಲಿಂದ ತರಗತಿಯ ಕಿಟಕಿ ಎಷ್ಟು ದೂರ ಎಂದು ನೋಡಿದರು. ಆಮೇಲೆ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟರು. ನಾನೂ ಕೂತೆ.

"ಈಗ ಇಲ್ಲಿ ಯಾರೂ ಇಲ್ಲ" ಅಂದರು. "ನಿಜ ಹೇಳು ಕಣಮ್ಮ. ಯಾರು ನಿನ್ನ ಇಲ್ಲಿ ಕೂರ್ಸಿದ್ದು?"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ನೀವೂ ಅವರ ಹಾಗೇ ಕೇಳುತ್ತೀರಲ್ಲ ಎಂದು ರೇಗಿದೆ. ಯಾರೂ ಕೂರಿಸಿಲ್ಲ, ನನ್ನ ಕಾಲಲ್ಲಿ ನಾನೇ ನಡೆದುಕೊಂಡು ಬಂದೆ, ನನಗೆ ಇಲ್ಲಿ ಚೆನ್ನಾಗಿತ್ತು, ನೀವೆಲ್ಲ ಸೇರಿ ಹಾಳು ಮಾಡಿದಿರಿ ಅಂದೆ. ನಾಲ್ಕು ಊರು ಸುತ್ತಿದ್ದು ಯಾಕೆ, ಇದೇ ಕಾಲೇಜು ಬೇಕು ಅಂದದ್ದು ಯಾಕೆ ಎಂಬುದನ್ನೂ ಹೇಳಿದೆ. ಮೆಟ್ಟಿಲ ಮೇಲೆ ಒಬ್ಬಳೇ ಉಣ್ಣುತ್ತಿದ್ದ ಹುಡುಗಿಯನ್ನು ನೋಡಿ ಸೇರಿದೆ ಅಂದಾಗ ಅಪ್ಪ ನನ್ನ ಮುಖವನ್ನೇ ನೋಡಿದರು. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಆ ಕಡೆ ಶಾಮಿಯಾನ ಬಿಚ್ಚುತ್ತಿದ್ದರು.

"ಒಬ್ಳೇ ಕೂತು ಉಣ್ಣೋವಾಗ ಎದೆ ಹೊಡ್ಕೊಳಲ್ವ ನಿಂಗೆ?" ಅಂದರು.

"ಯಾಕೆ ಹೊಡ್ಕೊಳುತ್ತೆ?"

"ನಂಗೆ ಹೊಡ್ಕೊಳೋದು" ಅಂದರು. ಅಪ್ಪನ ಬಾಯಲ್ಲಿ ಇಂಥ ಮಾತು ನಾನು ಅದುವರೆಗೂ ಕೇಳಿರಲಿಲ್ಲ. "ಆಚೆ ಕೂರ್ಸೋರಲ್ಲ, ಇಲ್ಲಿಂದಾನೂ ಏಳು ಅಂತಾರೇನೋ ಅಂತ. ಎಲೆ ಮೇಲೆ ಅರ್ಧ ಇರೋವಾಗ್ಲೇ ಎಬ್ಬಿಸ್ತಾರೇನೋ ಅಂತ. ಅಗೀತಾನೇ ಇರ್ಲಿಲ್ಲ, ನುಂಗ್ಬುಡ್ತಿದ್ದೆ."

ನನ್ನ ಬಾಯಲ್ಲಿ ಸಿದ್ಧವಾಗಿದ್ದ ಟಿಸಿಯ ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ. ರೇಗಿದ್ದಕ್ಕೆ ನಾಚಿಕೆಯಾಯಿತು, ಆದರೆ ನಾನು ಹೇಳಿದ್ದೇನೂ ಸುಳ್ಳಲ್ಲವಾದ್ದರಿಂದ ಕ್ಷಮಿಸಿ ಅನ್ನಲೂ ಬಾಯಿ ಬರಲಿಲ್ಲ. ಅವರು ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ನಂಗೆ ಅಂಗೆ ಆಗಲ್ಲಪ್ಪ" ಅಂದೆ. "ಇಲ್ಲಿ ಕೂತ್ರೆ ಬೆಲ್ ಹೊಡದ್ರೂ ಏಳಾಕೆ ಮನಸ್ಸು ಬರಲ್ಲ."

ತರಗತಿಯಲ್ಲಿ ಹುಡುಗರು ಸುಳ್ಳು ಹೇಳುತ್ತಿದ್ದಾರಾ ಎಂದು ಮೇಷ್ಟ್ರುಗಳು ನೋಡುವ ಒಂದು ನೋಟ ಇರುತ್ತದೆ. ಅಪ್ಪ ನನ್ನನ್ನು ಹಾಗೆ ನೋಡಿದರು. ಮೊದಲು ಕಣ್ಣು ನೋಡಿದರು, ಆಮೇಲೆ ಕೈ ನೋಡಿದರು. ನಾನು ಅಲ್ಲಾಡಲಿಲ್ಲ. ಅವರ ಮುಖ ನಿಧಾನವಾಗಿ ಸಡಿಲವಾಯಿತು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡರು. ನಾನೂ ಏಳಲು ಹೋದೆ. ಹೆಗಲ ಮೇಲೆ ಕೈಯಿಟ್ಟು ತಡೆದರು.

"ಅಂಗಾದ್ರೆ ಕೂತ್ಕ ಬುಡು" ಅಂದರು. "ಯಾರು ಕರದ್ರೂ ಏಳಬ್ಯಾಡ."